ನಮ್ಮ ಮೆಷಿನ್‌ನಲ್ಲಿ ಓಡುತ್ತೆ, ಅವರ ಮೆಷಿನ್‌ನಲ್ಲಿ ಓಡಲ್ಲ

"ಸಾರ್, ಸಾಫ್ಟ್‌ವೇರ್ ಓಪನ್ನೇ ಆಗ್ತಿಲ್ಲ." ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರಿಗೆ ಬರುವ ಫೋನ್ ಸಾಮಾನ್ಯವಾಗಿ ಹೀಗೇ ಶುರುವಾಗುತ್ತದೆ. ಕೂಡಲೇ ಕೋಡ್ ತೆರೆದು ಕೂರುವವರೇ ಹೆಚ್ಚು. ಆದರೆ ಅದೇ ಕೋಡ್ ನಮ್ಮ ಮೆಷಿನ್‌ನಲ್ಲಿ ಓಡುತ್ತಿದೆ. ಅಂದಮೇಲೆ ಹುಡುಕಬೇಕಾದದ್ದು ಎರಡು ಮೆಷಿನ್‌ಗಳ ನಡುವಿನ ವ್ಯತ್ಯಾಸವನ್ನು: ರನ್‌ಟೈಮ್ (ತಂತ್ರಾಂಶ ಓಡಲು ಮೆಷಿನ್‌ನಲ್ಲಿ ಇರಲೇಬೇಕಾದ ಆಧಾರ ಫೈಲ್‌ಗಳು), 32 ಅಥವಾ 64 ಬಿಟ್, ಫೋಲ್ಡರ್ ಅನುಮತಿ, ದಿನಾಂಕದ ಮಾದರಿ, ಫಾಂಟ್, ಪ್ರಿಂಟರ್. ಅಂಗಡಿ, ಕ್ಲಿನಿಕ್, ಸಹಕಾರ ಸಂಘಗಳಲ್ಲಿ ಓಡುವ ಬಿಲ್ಲಿಂಗ್ ಮತ್ತು ಲೆಕ್ಕಪತ್ರದ ವಿಂಡೋಸ್ ತಂತ್ರಾಂಶಗಳನ್ನು, ಅದರಲ್ಲೂ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯ ಸಿ ಶಾರ್ಪ್ ಭಾಷೆ ಮತ್ತು ವಿನ್‌ಫಾರ್ಮ್ಸ್ (ವಿಂಡೋ, ಬಟನ್ ಕಟ್ಟುವ ಲೈಬ್ರರಿ) ಬಳಸಿ ಬರೆದವುಗಳನ್ನು, ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಮೊದಲು ಸಾಕ್ಷಿ, ಆಮೇಲೆ ಊಹೆ

ಗ್ರಾಹಕರ ಮೆಷಿನ್‌ನಲ್ಲಿ ಮೊದಲು ತೆರೆಯಬೇಕಾದದ್ದು ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಕ್ರ್ಯಾಶ್ ಆದ ಸಮಯಕ್ಕೆ ಸರಿಯಾಗಿ ಕೆಂಪು ಗುರುತಿನ ಸಾಲುಗಳಿರುತ್ತವೆ. ಇವೆಂಟ್ ಸಂಖ್ಯೆ 1026 ಇದ್ದರೆ ಅದು ಡಾಟ್‌ನೆಟ್ ರನ್‌ಟೈಮ್ ಬರೆದದ್ದು. ಯಾವ ಎಕ್ಸೆಪ್ಶನ್ (ಓಡುವಾಗ ಎದ್ದ ದೋಷ), ಯಾವ ಮೆಥಡ್‌ನಿಂದ ಬಂತು ಎಂಬ ಸ್ಟ್ಯಾಕ್ ಟ್ರೇಸ್ ಅಲ್ಲೇ ಸಿಗುತ್ತದೆ. 1000 ಇದ್ದರೆ ಸಾಮಾನ್ಯ ಕ್ರ್ಯಾಶ್, 1002 ಇದ್ದರೆ ಹ್ಯಾಂಗ್. ಫೋನಿನಲ್ಲಿ "ಏನೋ ಎರರ್ ಬಂತು ಸಾರ್, ಓಕೆ ಒತ್ತಿಬಿಟ್ಟೆ" ಎಂದವರ ಮೆಷಿನ್‌ನಲ್ಲೂ ಈ ದಾಖಲೆ ಉಳಿದಿರುತ್ತದೆ.

1000ದ ಒಳಗೆ ಒಂದು ಎಕ್ಸೆಪ್ಶನ್ ಕೋಡ್ ಇರುತ್ತದೆ. ಮುಂದಿರುವ "ಸೊನ್ನೆ ಎಕ್ಸ್" ಬಿಟ್ಟು ಓದಿದರೆ, ಇ0434352 ಎಂದರೆ ಯಾರೂ ಹಿಡಿಯದ ಡಾಟ್‌ನೆಟ್ ಎಕ್ಸೆಪ್ಶನ್. ಹಾಗಿದ್ದರೆ 1026ನ್ನು ಹುಡುಕಿ. ಸಿ0000005 ಎಂದರೆ ತನ್ನದಲ್ಲದ ಮೆಮೊರಿಗೆ ಕೈ ಹಾಕಿದ್ದು. ಹೆಚ್ಚಾಗಿ ಸಿ ಅಥವಾ ಸಿ++ನಲ್ಲಿ ಬರೆದ ಯಾವುದೋ ಡಿಎಲ್‌ಎಲ್ (ತಂತ್ರಾಂಶ ಎರವಲು ಪಡೆಯುವ ಕೋಡ್‌ನ ಫೈಲ್), ಪ್ರಿಂಟರ್ ಡ್ರೈವರ್, ಬೆರಳಚ್ಚು ಸಾಧನದ ಲೈಬ್ರರಿ. ಸಿ0000374 ಎಂದರೆ ಹೀಪ್, ಅಂದರೆ ತಂತ್ರಾಂಶ ಓಡುವಾಗ ಕೇಳಿ ಪಡೆಯುವ ಮೆಮೊರಿ, ಕೆಟ್ಟಿದೆ. ಇದರಲ್ಲೊಂದು ಮೋಸವಿದೆ: ಕೆಡಿಸಿದವನು ಒಬ್ಬ, ಸಿಕ್ಕಿಬೀಳುವವನು ಇನ್ನೊಬ್ಬ. ಕ್ರ್ಯಾಶ್ ಆದ ಸಾಲನ್ನು ದಿನವಿಡೀ ನೋಡಿದರೂ ಅಲ್ಲಿ ತಪ್ಪು ಕಾಣುವುದಿಲ್ಲ. ಸಿ00000ಎಫ್‌ಡಿ ಬಂದರೆ ಸ್ಟ್ಯಾಕ್ (ಒಂದರೊಳಗೊಂದು ಕರೆಗಳ ಲೆಕ್ಕ ಇಡುವ ಮೆಮೊರಿ) ತುಂಬಿದೆ. ಎಲ್ಲೋ ಒಂದು ಪ್ರಾಪರ್ಟಿ ತನ್ನನ್ನೇ ತಾನು ಕರೆಯುತ್ತಿರುತ್ತದೆ, ಅಥವಾ ಟೆಕ್ಸ್ಟ್ ಚೇಂಜ್ಡ್ ಇವೆಂಟ್‌ನ ಒಳಗೇ ಆ ಟೆಕ್ಸ್ಟ್ ಬದಲಾಗುತ್ತಿರುತ್ತದೆ.

ಇದರಷ್ಟೇ ಉಪಯುಕ್ತವಾದ ಇನ್ನೊಂದು ಸಾಧನ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸರಣಿಯ ಪ್ರೊಸೆಸ್ ಮಾನಿಟರ್. ತಂತ್ರಾಂಶ ಯಾವ ಯಾವ ಫೈಲ್ ಮುಟ್ಟಿತು, ಏನಾಯಿತು ಎಂದು ಸಾಲುಸಾಲಾಗಿ ತೋರಿಸುತ್ತದೆ. ಇನ್‌ಸ್ಟಾಲ್ ಬೇಕಿಲ್ಲ, ಪೆನ್‌ಡ್ರೈವ್‌ನಲ್ಲೇ ಇಟ್ಟುಕೊಳ್ಳಬಹುದು. ಫಿಲ್ಟರ್‌ನಲ್ಲಿ ಪ್ರೊಸೆಸ್ ಹೆಸರು ಕೊಟ್ಟು, ರಿಸಲ್ಟ್ ಸಕ್ಸೆಸ್ ಆಗಿರುವ ಸಾಲುಗಳನ್ನು ತೆಗೆದುಬಿಟ್ಟರೆ "ನೇಮ್ ನಾಟ್ ಫೌಂಡ್", "ಆಕ್ಸೆಸ್ ಡಿನೈಡ್"ಗಳು ಉಳಿಯುತ್ತವೆ. ನೇಮ್ ನಾಟ್ ಫೌಂಡ್ ರಾಶಿ ರಾಶಿ ಇರುತ್ತದೆ, ಗಾಬರಿ ಬೇಡ; ವಿಂಡೋಸ್ ಒಂದು ಡಿಎಲ್‌ಎಲ್ ಅನ್ನು ನಾಲ್ಕಾರು ಫೋಲ್ಡರ್‌ಗಳಲ್ಲಿ ತಡಕಾಡುವುದು ಸಹಜ. ಕೊನೆಯವರೆಗೂ ಎಲ್ಲಿಯೂ ಸಿಗದ ಹೆಸರು ಯಾವುದು ಎಂದು ನೋಡಬೇಕು. ಆಕ್ಸೆಸ್ ಡಿನೈಡ್ ಇದ್ದರಂತೂ ಉತ್ತರ ಅಲ್ಲೇ ಇರುವ ಸಾಧ್ಯತೆ ಹೆಚ್ಚು.

ತೆರೆಯುವುದೇ ಇಲ್ಲ

ತೆರೆಯದ ತಂತ್ರಾಂಶಕ್ಕೆ ಮೊದಲ ಕಾರಣ ರನ್‌ಟೈಮ್. ಡಾಟ್‌ನೆಟ್ 8ರಲ್ಲಿ ಬರೆದ ವಿನ್‌ಫಾರ್ಮ್ಸ್ ಅಥವಾ ಡಬ್ಲ್ಯುಪಿಎಫ್ ತಂತ್ರಾಂಶಕ್ಕೆ ಬೇಕಾದದ್ದು "ಡೆಸ್ಕ್‌ಟಾಪ್ ರನ್‌ಟೈಮ್". ಬರೀ "ಡಾಟ್‌ನೆಟ್ ರನ್‌ಟೈಮ್" ಹಾಕಿ "ಹಾಕಿದೀನಲ್ಲ ಸಾರ್" ಎನ್ನುವವರು ಬಹಳ. ಎರಡೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇರುವುದರಿಂದ ಅವರದೂ ತಪ್ಪಲ್ಲ. ಈ ರಗಳೆ ಬೇಡವೆಂದರೆ ಸೆಲ್ಫ್ ಕಂಟೇನ್ಡ್ ಆಗಿ, ಅಂದರೆ ರನ್‌ಟೈಮ್ ಅನ್ನೂ ಒಳಗೇ ಸೇರಿಸಿ, ಪಬ್ಲಿಷ್ ಮಾಡಿ. ಗಾತ್ರ ನೂರು ಎಂಬಿ ದಾಟುತ್ತದೆ, ಆದರೆ ಗ್ರಾಹಕರ ಮೆಷಿನ್‌ನಲ್ಲಿ ಏನಿದೆ ಏನಿಲ್ಲ ಎಂಬ ಚಿಂತೆ ತಪ್ಪುತ್ತದೆ. ಅಂಗಡಿಯಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಡಾಟ್‌ನೆಟ್ 8ರ ಆಸೆ ಬಿಡಿ, ಅದಕ್ಕೆ ಬೆಂಬಲ ಡಾಟ್‌ನೆಟ್ 6ಕ್ಕೇ ಮುಗಿಯಿತು. ಸರ್ವಿಸ್ ಪ್ಯಾಕ್ 1 ಇದ್ದರೆ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ಮಾತ್ರ ಅಲ್ಲೂ ಓಡುತ್ತದೆ.

ಎರಡನೆಯದು 32 ಮತ್ತು 64 ಬಿಟ್‌ಗಳ ಜಗಳ. ಒಂದು ಪ್ರೊಸೆಸ್ ಒಳಗೆ ಎರಡನ್ನೂ ಬೆರೆಸಲು ಬರುವುದಿಲ್ಲ. ಬೆರೆಸಿದರೆ ಬ್ಯಾಡ್ ಇಮೇಜ್ ಫಾರ್ಮ್ಯಾಟ್ ಎಕ್ಸೆಪ್ಶನ್, ಕೋಡ್ 8007000ಬಿ; ಸ್ಟಾರ್ಟ್ ಆಗುವಾಗಲೇ ಆದರೆ ಸಿ000007ಬಿ. ಆಕ್ಸೆಸ್ ಅಥವಾ ಎಕ್ಸೆಲ್ ಫೈಲ್ ಓದುವ ತಂತ್ರಾಂಶಗಳಲ್ಲಿ ಇದೇ ಜಗಳ ವೇಷ ಬದಲಿಸಿಕೊಂಡು "ಎಸಿಇ ಓಲೆಡಿಬಿ 12.0 ಪ್ರೊವೈಡರ್ ರಿಜಿಸ್ಟರ್ ಆಗಿಲ್ಲ" ಎಂದು ಬರುತ್ತದೆ. ಗ್ರಾಹಕರಲ್ಲಿ 32 ಬಿಟ್ ಆಫೀಸ್ ಇದೆ, ನಿಮ್ಮ ತಂತ್ರಾಂಶ ಎನಿ ಸಿಪಿಯು ಆಗಿ ಬಿಲ್ಡ್ ಆಗಿ 64 ಬಿಟ್‌ನಲ್ಲಿ ಓಡುತ್ತಿದೆ, ಅಷ್ಟೇ ವಿಷಯ. ಪ್ಲಾಟ್‌ಫಾರ್ಮ್ ಟಾರ್ಗೆಟ್ ಅನ್ನು ಎಕ್ಸ್86 ಮಾಡಿದರೆ ಸರಿಹೋಗುತ್ತದೆ. ಹಳೆಯ ಜೆಟ್ 4.0 ಪ್ರೊವೈಡರ್‌ಗೆ 64 ಬಿಟ್ ರೂಪವೇ ಇಲ್ಲ, ಅಲ್ಲಿ ಬೇರೆ ದಾರಿಯೂ ಇಲ್ಲ. ಹೊಸದಾಗಿ ಬರೆಯುವವರು ಆಕ್ಸೆಸ್ ಬಿಟ್ಟು ಎಸ್‌ಕ್ಯುಲೈಟ್ ಬಳಸುವುದು ಲೇಸು. ಡಿಎಲ್‌ಎಲ್‌ಗಳನ್ನು ಕೈಯಾರೆ ಕಾಪಿ ಮಾಡುವವರಿಗೊಂದು ಎಚ್ಚರಿಕೆ: 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಫೋಲ್ಡರ್‌ನಲ್ಲಿರುವುದು 64 ಬಿಟ್ ಫೈಲ್‌ಗಳು, ಸಿಸ್‌ವೋವ್64ನಲ್ಲಿರುವುದು 32 ಬಿಟ್‌ನವು. ಹೆಸರು ನೋಡಿ ಹಾಕಿದರೆ ತಲೆಕೆಳಗು.

"ಡಿಎಲ್‌ಎಲ್ ಲೋಡ್ ಮಾಡಲಾಗಲಿಲ್ಲ, 8007007ಇ" ಎಂಬ ಸಂದೇಶ ಬಂದಾಗ ಆ ಡಿಎಲ್‌ಎಲ್ ಕಣ್ಣೆದುರೇ ಇರುತ್ತದೆ. ಇಲ್ಲದಿರುವುದು ಅದಕ್ಕೆ ಬೇಕಾದ ಇನ್ನೊಂದು. ಸಾಮಾನ್ಯವಾಗಿ ವಿಷುಯಲ್ ಸಿ++ನ ವಿಸಿರನ್‌ಟೈಮ್140. ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕಿದರೆ ಆಯಿತು, ಆದರೆ ಎಕ್ಸ್86 ಮತ್ತು ಎಕ್ಸ್64 ಬೇರೆ ಬೇರೆ ಎಂಬುದು ನೆನಪಿರಲಿ. ಕೇಳುತ್ತಿರುವ ಫೈಲ್‌ನ ಹೆಸರು 140ರ ನಂತರ "ಡಿ" ಅಕ್ಷರದಲ್ಲಿ ಮುಗಿದಿದ್ದರೆ ಹುಡುಕಲು ಹೋಗಬೇಡಿ. ನೀವು ಕಳಿಸಿದ್ದೇ ಡೀಬಗ್ ಬಿಲ್ಡ್, ನಮ್ಮ ಪರೀಕ್ಷೆಗೆಂದು ಕಟ್ಟಿದ್ದು.

ಇನ್ನು ವಾಟ್ಸ್‌ಆ್ಯಪ್‌ನಲ್ಲೋ ಮೇಲ್‌ನಲ್ಲೋ ಕಳಿಸಿದ ಜಿಪ್. ಇಂಟರ್‌ನೆಟ್‌ನಿಂದ ಬಂದ ಫೈಲ್ ಎಂಬ ಗುರುತನ್ನು ವಿಂಡೋಸ್ ಅದರ ಮೇಲೆ ಒತ್ತಿರುತ್ತದೆ. ಬಿಚ್ಚಿದ ಫೈಲ್‌ಗಳಿಗೂ ಅದು ಅಂಟುತ್ತದೆ. ಡಾಟ್‌ನೆಟ್ ಫ್ರೇಮ್‌ವರ್ಕ್ ಅಂಥ ಡಿಎಲ್‌ಎಲ್ ಅನ್ನು ಕೋಡ್‌ನಿಂದ ಲೋಡ್ ಮಾಡಲು ಹೋದಾಗ 80131515 ಎಂದು ನಿರಾಕರಿಸುತ್ತದೆ. ಬಿಚ್ಚುವ ಮೊದಲೇ ಜಿಪ್‌ನ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಒತ್ತಿದರೆ ಮುಗಿಯಿತು.

ತೆರೆದುಕೊಂಡಿತು, ಆದರೆ ಕಲ್ಲಿನಂತೆ ನಿಂತಿತು

ವಿಂಡೋ ಒಂದು 5 ಸೆಕೆಂಡ್ ಕಾಲ ತನಗೆ ಬಂದ ಮೆಸೇಜ್‌ಗಳನ್ನು ಗಮನಿಸದೆ ಹೋದರೆ ವಿಂಡೋಸ್ ಅದರ ಮೇಲೆ "ನಾಟ್ ರೆಸ್ಪಾಂಡಿಂಗ್" ಹಣೆಪಟ್ಟಿ ಹಚ್ಚುತ್ತದೆ. ಮೆಸೇಜ್ ನೋಡುವುದು, ಬಟನ್ ಬಿಡಿಸುವುದು, ಕ್ಲಿಕ್‌ಗೆ ಓಗೊಡುವುದು ಎಲ್ಲವೂ ಒಂದೇ ಥ್ರೆಡ್‌ನ (ತಂತ್ರಾಂಶದೊಳಗಿನ ಕೆಲಸದ ಒಂದು ಎಳೆ) ಕೆಲಸ, ಯುಐ ಥ್ರೆಡ್. ಅದನ್ನು ಡೇಟಾಬೇಸ್‌ಗೆ ಕಾಯಲು ಕಳಿಸಿದರೆ ಪರದೆ ನೋಡಿಕೊಳ್ಳುವವರು ಯಾರೂ ಇಲ್ಲ.

ಹ್ಯಾಂಗ್ ಆದಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಅಂಕಣ ನೋಡಿ. ಸೊನ್ನೆಯ ಹತ್ತಿರ ಇದ್ದರೆ ತಂತ್ರಾಂಶ ಯಾವುದಕ್ಕೋ ಕಾಯುತ್ತಿದೆ: ನೆಟ್‌ವರ್ಕ್, ಡೇಟಾಬೇಸ್ ಲಾಕ್, ಡೆಡ್‌ಲಾಕ್ (ಇಬ್ಬರು ಒಬ್ಬರಿಗೊಬ್ಬರು ಕಾಯುತ್ತ ನಿಂತುಬಿಡುವುದು). ಒಂದು ಕೋರ್‌ನಷ್ಟು ತಿನ್ನುತ್ತಿದ್ದರೆ, ಅಂದರೆ 4 ಕೋರ್‌ನ ಮೆಷಿನ್‌ನಲ್ಲಿ ಸುಮಾರು 25%, 8ರಲ್ಲಿ ಸುಮಾರು 12.5%, ಮುಗಿಯದ ಲೂಪ್‌ನಲ್ಲಿ ಸುತ್ತುತ್ತಿದೆ. ಮೂರನೆಯದೊಂದಿದೆ, ತೀರಾ ಸಣ್ಣದು, ಆದರೂ ಅರ್ಧ ದಿನ ತಿನ್ನುತ್ತದೆ: ಓನರ್ ಕೊಡದೆ ಶೋಡೈಲಾಗ್ ಕರೆದ ಸಂದೇಶಪೆಟ್ಟಿಗೆ ಮುಖ್ಯ ವಿಂಡೋದ ಹಿಂದೆ ಅಡಗಿ ಕೂತು "ಓಕೆ" ಒತ್ತಲಿ ಎಂದು ಕಾಯುತ್ತಿರುತ್ತದೆ. ಆಲ್ಟ್ ಟ್ಯಾಬ್ ಒತ್ತಿ ನೋಡಿ. ಕೋಡ್‌ನಲ್ಲಿ ಶೋಡೈಲಾಗ್‌ಗೆ ದಿಸ್ ಎಂದು ಕೊಟ್ಟರೆ ಮತ್ತೆ ಬರುವುದಿಲ್ಲ.

ಡೆಡ್‌ಲಾಕ್‌ನಲ್ಲಿ ತೀರಾ ಸಾಮಾನ್ಯವಾದದ್ದು ಅಸಿಂಕ್ ಮೆಥಡ್ (ಥ್ರೆಡ್ ಅನ್ನು ತಡೆದು ನಿಲ್ಲಿಸದೆ ಕಾಯುವಂಥದ್ದು) ಒಂದನ್ನು ಬಟನ್ ಕ್ಲಿಕ್‌ನಿಂದ ಡಾಟ್ ರಿಸಲ್ಟ್ ಅಥವಾ ಡಾಟ್ ವೇಟ್ ಹಾಕಿ ಕರೆಯುವುದು. ಯುಐ ಥ್ರೆಡ್ ಆ ಕೆಲಸ ಮುಗಿಯಲೆಂದು ಕಾಯುತ್ತದೆ. ಆ ಕೆಲಸದ ಉಳಿದ ಭಾಗಕ್ಕೆ, ಅವೇಟ್‌ನ ನಂತರದ ಸಾಲುಗಳಿಗೆ, ಯುಐ ಥ್ರೆಡ್ಡೇ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಕೋಡ್‌ನಲ್ಲಿ ಬರೆದಂತೆ. ಕ್ಲಿಕ್ ಹ್ಯಾಂಡ್ಲರ್ ಅನ್ನೇ ಅಸಿಂಕ್ ಮಾಡಿ, ಒಳಗೆ ಅವೇಟ್ ಬಳಸಿ. ಲೈಬ್ರರಿ ಭಾಗದ ಕೋಡ್‌ನಲ್ಲಿ ಕಾನ್ಫಿಗರ್ ಅವೇಟ್ ಫಾಲ್ಸ್ ಹಾಕಿ. ಇವೆಂಟ್ ಹ್ಯಾಂಡ್ಲರ್ ಬಿಟ್ಟು ಬೇರೆಲ್ಲೂ ಅಸಿಂಕ್ ವಾಯ್ಡ್ ಬರೆಯಬೇಡಿ. ಅದರಲ್ಲಿ ಎದ್ದ ಎಕ್ಸೆಪ್ಶನ್ ಅನ್ನು ಕರೆದವರು ಹಿಡಿಯಲಾಗುವುದಿಲ್ಲ.

ಇದಕ್ಕೆಲ್ಲ ಅಪ್ಲಿಕೇಶನ್ ಡಾಟ್ ಡುಇವೆಂಟ್ಸ್ (ಬಾಕಿ ಮೆಸೇಜ್‌ಗಳನ್ನು ಕೆಲಸದ ನಡುವೆಯೇ ನೋಡಿಸುವ ಆದೇಶ) ಹಾಕಿ ಪಾರಾಗುವವರಿದ್ದಾರೆ. ಪರದೆ ಜೀವಂತವಾಗಿ ಕಾಣುತ್ತದೆ ನಿಜ. ಜೊತೆಗೆ ಸೇವ್ ಬಟನ್ ಕೂಡ ಜೀವಂತ. ಮೊದಲ ಸೇವ್ ಮುಗಿಯುವ ಮುನ್ನ ಎರಡನೇ ಕ್ಲಿಕ್ ಬಿದ್ದರೆ ಅದೇ ಬಿಲ್ ಎರಡು ಸಲ. ಕೆಲಸ ಶುರುವಾಗುವಾಗಲೇ ಬಟನ್ ನಿಷ್ಕ್ರಿಯ ಮಾಡಿ, ಫೈನಲಿಯಲ್ಲಿ ಮತ್ತೆ ಸಕ್ರಿಯ ಮಾಡಿ; ಅವೇಟ್ ಬಳಸಿದರೂ ಈ ಶಿಸ್ತು ಬೇಕು.

ಬೇರೆ ಥ್ರೆಡ್‌ನಿಂದ ಕಂಟ್ರೋಲ್ ಮುಟ್ಟಿದರೆ "ಕ್ರಾಸ್ ಥ್ರೆಡ್ ಆಪರೇಶನ್ ನಾಟ್ ವ್ಯಾಲಿಡ್" ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಏನೆಂದರೆ, ವಿನ್‌ಫಾರ್ಮ್ಸ್‌ನಲ್ಲಿ ಈ ಕಾವಲು ಮೊದಲೇ ಚಾಲೂ ಇರುವುದು ಡೀಬಗರ್ (ತಪ್ಪು ಹುಡುಕುವ ಉಪಕರಣ) ಜೋಡಿಸಿದ್ದಾಗ ಮಾತ್ರ. ಗ್ರಾಹಕರಲ್ಲಿ ಡೀಬಗರ್ ಇಲ್ಲ, ಆದ್ದರಿಂದ ಸಂದೇಶವೂ ಇಲ್ಲ. ಒಮ್ಮೊಮ್ಮೆ ಗ್ರಿಡ್ ಅರ್ಧ ಬಿಡಿಸಿರುತ್ತದೆ, ಒಮ್ಮೊಮ್ಮೆ ಹ್ಯಾಂಗ್, ಒಮ್ಮೊಮ್ಮೆ ಎಲ್ಲ ಸರಿ. "ಯಾವಾಗಲಾದರೊಮ್ಮೆ ಹೀಗಾಗುತ್ತೆ" ಎಂಬ ದೂರು ಬಂದಾಗ ಮೊದಲು ಇದನ್ನು ಅನುಮಾನಿಸಿ. ಪ್ರೋಗ್ರಾಮ್ ಶುರುವಿನಲ್ಲೇ ಚೆಕ್ ಫಾರ್ ಇಲ್ಲೀಗಲ್ ಕ್ರಾಸ್ ಥ್ರೆಡ್ ಕಾಲ್ಸ್ ಅನ್ನು ಟ್ರೂ ಮಾಡಿ ಪರೀಕ್ಷಿಸಿದರೆ ಕಳ್ಳ ಸಿಗುತ್ತಾನೆ. ಅದನ್ನು ಫಾಲ್ಸ್ ಮಾಡಿ ಸಂದೇಶದ ಬಾಯಿ ಮುಚ್ಚಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಕೆಲಸವನ್ನು ಯುಐ ಥ್ರೆಡ್‌ಗೆ ದಾಟಿಸಬೇಕೇ ಎಂದು ಹೇಳುವ ಇನ್‌ವೋಕ್ ರಿಕ್ವೈರ್ಡ್ ನಂಬುವವರೂ ಒಂದು ಮಾತು ಗಮನಿಸಬೇಕು: ವಿಂಡೋದ ಹ್ಯಾಂಡಲ್ ಇನ್ನೂ ಸೃಷ್ಟಿಯಾಗದಿದ್ದರೆ ಅದು "ಬೇಡ" ಎಂದೇ ಹೇಳುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿ ಥ್ರೆಡ್ ಶುರು ಮಾಡದೆ ಶೋನ್ ಇವೆಂಟ್‌ನಲ್ಲಿ ಮಾಡಿ.

ಗ್ರಿಡ್ ತುಂಬುವಾಗ ಮಾತ್ರ ನಿಧಾನವಾದರೆ ಆಟೋ ಸೈಜ್ ಕಾಲಮ್ಸ್ ಮೋಡ್ ನೋಡಿ. ಆಲ್ ಸೆಲ್ಸ್ ಇದ್ದರೆ ಪ್ರತಿ ಸಾಲನ್ನೂ ಅಳೆಯುತ್ತದೆ. ಡಿಸ್‌ಪ್ಲೇಡ್ ಸೆಲ್ಸ್ ಮಾಡಿದರೆ ಕಾಣುವವುಗಳನ್ನು ಮಾತ್ರ.

ಬೆಳಿಗ್ಗೆ ಚೆನ್ನ, ಸಂಜೆಗೆ ಸುಸ್ತು

ದಿನವಿಡೀ ತೆರೆದಿಟ್ಟ ತಂತ್ರಾಂಶ ಸಂಜೆ ಹೊತ್ತಿಗೆ ಗ್ರಿಡ್‌ನ ಜಾಗದಲ್ಲಿ ಕೆಂಪು ಅಡ್ಡಗೆರೆ ತೋರಿಸಿದರೆ, "ಎರರ್ ಕ್ರಿಯೇಟಿಂಗ್ ವಿಂಡೋ ಹ್ಯಾಂಡಲ್" ಎಂದರೆ, ರ‍್ಯಾಮ್ ಖಾಲಿ ಇದ್ದರೂ "ಔಟ್ ಆಫ್ ಮೆಮೊರಿ" ಎಂದರೆ, ಸೋರುತ್ತಿರುವುದು ಜಿಡಿಐ ಅಥವಾ ಯೂಸರ್ ಹ್ಯಾಂಡಲ್‌ಗಳು (ಫಾಂಟ್, ಬ್ರಷ್, ವಿಂಡೋಗಳಿಗೆ ವಿಂಡೋಸ್ ಕೊಡುವ ಗುರುತುಗಳು). ಒಂದು ಪ್ರೊಸೆಸ್‌ಗೆ ವಿಂಡೋಸ್ ಸಾಮಾನ್ಯವಾಗಿ ಕೊಡುವ ಮಿತಿ ತಲಾ 10,000. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಅಂಕಣದ ತಲೆಯ ಮೇಲೆ ಬಲ ಕ್ಲಿಕ್ ಮಾಡಿ ಜಿಡಿಐ ಆಬ್ಜೆಕ್ಟ್ಸ್, ಯೂಸರ್ ಆಬ್ಜೆಕ್ಟ್ಸ್ ಎರಡನ್ನೂ ಸೇರಿಸಿ. ಒಂದು ಫಾರ್ಮ್ ಅನ್ನು 20 ಸಲ ತೆರೆದು ಮುಚ್ಚಿ. ಪ್ರತಿ ಸಲವೂ ಅಷ್ಟಷ್ಟೇ ಏರಿ ಇಳಿಯದಿದ್ದರೆ ಆ ಫಾರ್ಮ್‌ನಲ್ಲೇ ತೂತು.

ತೂತುಗಳು ಹೆಚ್ಚಾಗಿ ಮೂರು ಕಡೆ. ಶೋಡೈಲಾಗ್‌ನಿಂದ ತೆರೆದ ಫಾರ್ಮ್ ಮುಚ್ಚಿದಾಗ ತಾನಾಗಿ ಡಿಸ್ಪೋಸ್ ಆಗುವುದಿಲ್ಲ, ಅಂದರೆ ಹ್ಯಾಂಡಲ್‌ಗಳನ್ನು ಬಿಟ್ಟುಕೊಡುವುದಿಲ್ಲ (ಶೋನಿಂದ ತೆರೆದದ್ದು ಆಗುತ್ತದೆ), ಅದನ್ನು ಯೂಸಿಂಗ್ ಒಳಗಿಡಬೇಕು. ಪ್ಯಾನೆಲ್ ಡಾಟ್ ಕಂಟ್ರೋಲ್ಸ್ ಡಾಟ್ ಕ್ಲಿಯರ್ ಎಂದರೆ ಕಂಟ್ರೋಲ್‌ಗಳು ಪ್ಯಾನೆಲ್‌ನಿಂದ ಹೊರಬೀಳುತ್ತವೆಯೇ ಹೊರತು ಡಿಸ್ಪೋಸ್ ಆಗುವುದಿಲ್ಲ. ಪೇಂಟ್ ಇವೆಂಟ್‌ನಲ್ಲಿ ಪ್ರತಿ ಸಲ ಹೊಸ ಫಾಂಟ್, ಹೊಸ ಬ್ರಷ್ ಮಾಡಿ ಹಾಗೇ ಬಿಡುವುದು ಮೂರನೆಯದು.

ಫೈಲ್ ಎಲ್ಲಿ ಹೋಯಿತು

ಪ್ರೋಗ್ರಾಂ ಫೈಲ್ಸ್ ಒಳಗೆ ಸಾಮಾನ್ಯ ಬಳಕೆದಾರರಿಗೆ ಬರೆಯುವ ಹಕ್ಕಿಲ್ಲ. 64 ಬಿಟ್ ತಂತ್ರಾಂಶವಾದರೆ ನೇರವಾಗಿ ಅನ್‌ಆಥರೈಸ್ಡ್ ಆಕ್ಸೆಸ್ ಎಕ್ಸೆಪ್ಶನ್. ಮ್ಯಾನಿಫೆಸ್ಟ್ (ತನಗೆ ಯಾವ ಹಕ್ಕು ಬೇಕೆಂದು ಹೇಳುವ ಟಿಪ್ಪಣಿ) ಇಲ್ಲದ ಹಳೆಯ 32 ಬಿಟ್ ತಂತ್ರಾಂಶಕ್ಕೆ ವಿಂಡೋಸ್ ಕರುಣೆ ತೋರಿ, ಬರೆದದ್ದನ್ನು ಆ ಬಳಕೆದಾರರ ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಫೋಲ್ಡರ್‌ಗೆ ಸದ್ದಿಲ್ಲದೆ ತಿರುಗಿಸುತ್ತದೆ. ಒಂದು ದಿನ ಯಾರೋ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಒತ್ತುತ್ತಾರೆ, ಆಗ ತಂತ್ರಾಂಶ ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಮೂಲ ಫೈಲ್ ಓದುತ್ತದೆ, "ಆರು ತಿಂಗಳ ಡೇಟಾ ಮಾಯ" ಎಂದು ಫೋನ್ ಬರುತ್ತದೆ. ಡೇಟಾ ಎಲ್ಲೂ ಹೋಗಿಲ್ಲ, ವರ್ಚುವಲ್‌ಸ್ಟೋರ್‌ನಲ್ಲಿದೆ. ಎಲ್ಲ ಬಳಕೆದಾರರಿಗೂ ಸೇರಿದ ಡೇಟಾ ಪ್ರೋಗ್ರಾಂಡೇಟಾದಲ್ಲಿ ಇರಲಿ (ಇನ್‌ಸ್ಟಾಲರ್ ಮೂಲಕವೇ ಆ ಫೋಲ್ಡರ್‌ಗೆ ಬರೆಯುವ ಹಕ್ಕು ಕೊಡಿಸಿ), ಒಬ್ಬರ ಸೆಟ್ಟಿಂಗ್ ಲೋಕಲ್ ಆ್ಯಪ್‌ಡೇಟಾದಲ್ಲಿ.

ಟಾಸ್ಕ್ ಶೆಡ್ಯೂಲರ್‌ನಿಂದ ಓಡಿಸಿದಾಗ ಮಾತ್ರ ಫೈಲ್ ಸಿಗದಿದ್ದರೆ ಕಾರಣ ಕರೆಂಟ್ ಡೈರೆಕ್ಟರಿ. ಅಲ್ಲಿ ಅದು ಸಿಸ್ಟಮ್32 ಆಗಿರುತ್ತದೆ. ಬರೀ ಫೈಲ್ ಹೆಸರು ಕೊಡದೆ ಆ್ಯಪ್ ಕಾಂಟೆಕ್ಸ್ಟ್‌ನ ಬೇಸ್ ಡೈರೆಕ್ಟರಿಯಿಂದ ಪೂರ್ತಿ ದಾರಿ ಕಟ್ಟಿ. ಅಡ್ಮಿನ್ ಆಗಿ ಓಡಿಸಿದಾಗ ಝಡ್ ಡ್ರೈವ್ ಕಾಣದಿದ್ದರೆ ಅದೂ ಸಹಜವೇ, ಮ್ಯಾಪ್ ಮಾಡಿದ ಡ್ರೈವ್ ಸಾಮಾನ್ಯ ಲಾಗಿನ್‌ಗೆ ಸೇರಿದ್ದು. ಸರ್ವರ್ ಹೆಸರಿನಿಂದ ಶುರುವಾಗುವ ದಾರಿ ಬಳಸಿ. ಎಸ್‌ಕ್ಯುಲೈಟ್ ಫೈಲ್ ಅನ್ನು ಶೇರ್ಡ್ ಫೋಲ್ಡರ್‌ನಲ್ಲೋ ಒನ್‌ಡ್ರೈವ್‌ನಲ್ಲೋ ಇಟ್ಟು ಮೂರು ಮೆಷಿನ್‌ಗಳಿಂದ ಬರೆಯಬೇಡಿ. ಅದಕ್ಕೆ ಸರ್ವರ್ ಡೇಟಾಬೇಸ್ ಬೇಕು.

13ನೇ ತಾರೀಖಿಗೆ ಕೆಡುವ ತಂತ್ರಾಂಶ

ತಿಂಗಳ ಮೊದಲ 12 ದಿನ ಎರರ್ ಇಲ್ಲ, 13ಕ್ಕೆ ಎರರ್ ಎಂದರೆ ದಿನ ಮತ್ತು ತಿಂಗಳು ಅದಲುಬದಲಾಗಿವೆ. ಮೆಷಿನ್‌ನ ರೀಜನ್ ಅಮೆರಿಕದ್ದಾಗಿದ್ದರೆ 03/04 ಎಂಬುದು ಮಾರ್ಚ್ 4, ಭಾರತದ್ದಾದರೆ ಏಪ್ರಿಲ್ 3. ಎರರ್ ಬಂದ ದಿನಕ್ಕಿಂತ ಬರದ 12 ದಿನಗಳೇ ಅಪಾಯ, ಆ ದಾಖಲೆಗಳು ಬಹುತೇಕ ತಪ್ಪು ತಿಂಗಳಿನಲ್ಲಿ ಕೂತಿರುತ್ತವೆ. ಗ್ರಾಹಕರಿಗೆ "ರೀಜನ್ ಬದಲಿಸಿ" ಎನ್ನುವುದು ಮದ್ದಲ್ಲ. ಎಸ್‌ಕ್ಯುಎಲ್‌ಗೆ ದಿನಾಂಕವನ್ನು ಪ್ಯಾರಾಮೀಟರ್ ಆಗಿ ಕೊಡಿ, ಫೈಲ್‌ಗೆ ಬರೆಯುವಾಗ 2024-04-03 ಎಂಬ ಮಾದರಿ ಮತ್ತು ಇನ್ವೇರಿಯಂಟ್ ಕಲ್ಚರ್ (ಮೆಷಿನ್‌ನ ರೀಜನ್‌ಗೆ ತಕ್ಕಂತೆ ಬದಲಾಗದ್ದು), ಪರದೆಗೆ ಮಾತ್ರ ಬಳಕೆದಾರರ ಮಾದರಿ. ತಿಂಗಳ ಜಾಗದಲ್ಲಿ ಯಾವಾಗಲೂ 00ಯಿಂದ 59ರವರೆಗಿನ ಸಂಖ್ಯೆ ಬರುತ್ತಿದ್ದರೆ ದೊಡ್ಡ ಎಂಎಂ ಬದಲು ಸಣ್ಣದು ಬರೆದಿದ್ದೀರಿ, ಅದು ನಿಮಿಷ.

ಕನ್ನಡ ಕೆಟ್ಟಾಗ

ಇಲ್ಲಿ ಕಾಣುವ ಲಕ್ಷಣವೇ ರೋಗ ಹೇಳಿಬಿಡುತ್ತದೆ, ಆದ್ದರಿಂದ ಸ್ಕ್ರೀನ್‌ಶಾಟ್ ಕೇಳಿ. ಖಾಲಿ ಚೌಕಗಳು ಕಂಡರೆ ಡೇಟಾ ಭದ್ರವಾಗಿದೆ, ಫಾಂಟ್ ಇಲ್ಲ ಅಷ್ಟೇ. ತಲೆಯ ಮೇಲೆ ಗೆರೆ ಇರುವ ರೋಮನ್ ಅಕ್ಷರ ಮೂರಕ್ಕೊಂದರಂತೆ ಮತ್ತೆ ಮತ್ತೆ ಕಂಡರೆ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಬೈಟ್‌ಗಳನ್ನು 1252 ಕೋಡ್‌ಪೇಜ್ (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಅಕ್ಷರಪಟ್ಟಿ) ಎಂದು ಓದಲಾಗಿದೆ. ಒಂದು ಕನ್ನಡ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್, ಅದಕ್ಕೇ ಮೂರರ ಲೆಕ್ಕ. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಡೇಟಾ ಹೋಯಿತು. ಬ್ಯಾಕಪ್ ಇದ್ದರೆ ಹುಡುಕಿ.

ಪ್ರಶ್ನಾರ್ಥಕಕ್ಕೆ ಕಾರಣ ಹೆಚ್ಚಾಗಿ ಎಸ್‌ಕ್ಯುಎಲ್ ಸರ್ವರ್‌ನ ವಾರ್‌ಚಾರ್ ಅಂಕಣ. ಕನ್ನಡಕ್ಕೆ ಯೂನಿಕೋಡ್ ಬಿಟ್ಟರೆ ಇಂಥ ಅಂಕಣ ಬಳಸಬಲ್ಲ ಹಳೆಯ ಶೈಲಿಯ ಕೋಡ್‌ಪೇಜ್ ಇಲ್ಲ, ಹಾಗಾಗಿ ಕನ್ನಡ ಅಕ್ಷರಕ್ಕೆ ಅಲ್ಲಿ ಜಾಗವೇ ಇಲ್ಲ. ಅಂಕಣ ಯೂನಿಕೋಡ್ ಹಿಡಿಸುವ ಎನ್‌ವಾರ್‌ಚಾರ್ ಆಗಬೇಕು. ಆದ ಮೇಲೂ ಪ್ರಶ್ನಾರ್ಥಕ ಬರುತ್ತಿದ್ದರೆ ಇನ್‌ಸರ್ಟ್ ವಾಕ್ಯದ ಉದ್ಧರಣೆಯ ಮುಂದೆ "ಎನ್" ಅಕ್ಷರ ಬಿಟ್ಟಿದ್ದೀರಿ. ಪ್ಯಾರಾಮೀಟರ್ ಬಳಸಿದರೆ ಈ ತೊಂದರೆಯೂ ಇಲ್ಲ, ಇಂಜೆಕ್ಷನ್ (ಪಠ್ಯದ ಪೆಟ್ಟಿಗೆಯಲ್ಲಿ ಎಸ್‌ಕ್ಯುಎಲ್ ಬರೆದು ಡೇಟಾಬೇಸ್‌ಗೆ ನುಗ್ಗುವುದು) ಭಯವೂ ಇಲ್ಲ. ಮೈಎಸ್‌ಕ್ಯುಎಲ್‌ನಲ್ಲಾದರೆ ಟೇಬಲ್ ಮತ್ತು ಕನೆಕ್ಷನ್ ಎರಡೂ ಯುಟಿಎಫ್8ಎಂಬಿ4 ಇರಲಿ.

ಗೆರೆಯ ಅಕ್ಷರಗಳ ರೋಗಕ್ಕೆ ಮದ್ದಿದೆ: ಆ ಪಠ್ಯವನ್ನು 1252ರಲ್ಲಿ ಬೈಟ್‌ಗಳಿಗೆ ತಿರುಗಿಸಿ, ಆ ಬೈಟ್‌ಗಳನ್ನು ಯುಟಿಎಫ್-8 ಎಂದು ಓದಿ. ಡಾಟ್‌ನೆಟ್ 8ರಲ್ಲಿ 1252 ಕೇಳುವ ಮೊದಲು ಕೋಡ್ ಪೇಜಸ್ ಎನ್‌ಕೋಡಿಂಗ್ ಪ್ರೊವೈಡರ್ ರಿಜಿಸ್ಟರ್ ಮಾಡಬೇಕು, ಇಲ್ಲವಾದರೆ ನಾಟ್ ಸಪೋರ್ಟೆಡ್ ಎಕ್ಸೆಪ್ಶನ್. ಇದರಲ್ಲೂ ಒಂದು ಕೊಕ್ಕೆ. ಹಲಂತದ ಚಿಹ್ನೆಯ ಮೂರನೇ ಬೈಟ್ 8ಡಿ, ಉಕಾರದ ಕೊಂಬಿನದು 81. ಏ, ಐ, ಝ ಅಕ್ಷರಗಳದು 8ಎಫ್, 90, 9ಡಿ. ಈ ಐದೂ ಬೈಟ್‌ಗಳಿಗೆ 1252ರಲ್ಲಿ ಅಕ್ಷರವೇ ಇಲ್ಲ. ಡಾಟ್‌ನೆಟ್ ಅವನ್ನು ಉಳಿಸಿಕೊಳ್ಳುತ್ತದೆ, ಮಧ್ಯದಲ್ಲಿ ಬೇರೊಂದು ಉಪಕರಣ ಎಸೆದುಬಿಟ್ಟಿರಬಹುದು. ಹಾಗಾದರೆ ದುರಸ್ತಿಯ ನಂತರ ಕ, ಮ, ಲಗಳೆಲ್ಲ ಸರಿಯಾಗಿ ಮರಳಿ, ಒತ್ತಕ್ಷರ ಮತ್ತು ಉಕಾರ ಇದ್ದಲ್ಲೆಲ್ಲ ಹಾಳು. ಹತ್ತು ದಾಖಲೆ ಸರಿಯಾಯಿತೆಂದು ಪೂರ್ತಿ ಟೇಬಲ್ ಮೇಲೆ ಓಡಿಸುವ ಮುನ್ನ "ಕೃಷ್ಣಮೂರ್ತಿ", "ಪುಟ್ಟಸ್ವಾಮಿ"ಯಂಥ ಹೆಸರುಗಳನ್ನು ನೋಡಿ.

ಎಕ್ಸೆಲ್‌ಗೆ ಕೊಡುವ ಸಿಎಸ್‌ವಿಯಲ್ಲೂ ಇದೇ ಗೆರೆಯ ಅಕ್ಷರಗಳು ಬರುತ್ತವೆ. ಫೈಲ್‌ನ ತಲೆಯಲ್ಲಿ 3 ಬೈಟ್‌ಗಳ ಬಿಒಎಂ (ಇದು ಯುಟಿಎಫ್-8 ಎಂದು ಹೇಳುವ ಗುರುತು) ಇರಲಿ: ಯುಟಿಎಫ್8 ಎನ್‌ಕೋಡಿಂಗ್‌ಗೆ ಟ್ರೂ ಕೊಟ್ಟು ಸ್ಟ್ರೀಮ್ ರೈಟರ್ ತೆರೆಯಿರಿ.

ಫಾಂಟ್ ವಿಷಯ ಚಿಕ್ಕದು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ಜೊತೆಗೇ ಬರುತ್ತಿತ್ತು. ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ವಿಂಡೋಸ್ 10ರಲ್ಲಿ ತುಂಗಾ ಬೇಕಿದ್ದರೆ ಹಾಕಿಕೊಳ್ಳುವ "ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್"ಗೆ ಹೋಯಿತು. ತುಂಗಾ ಎಂದು ಗಟ್ಟಿಯಾಗಿ ಬರೆದ ಹಳೆಯ ತಂತ್ರಾಂಶದ ಅಕ್ಷರದ ಅಳತೆ ಹೊಸ ಮೆಷಿನ್‌ನಲ್ಲಿ ಬದಲಾಗಿ, ಒತ್ತಕ್ಷರದ ಬುಡ ಲೇಬಲ್‌ನಲ್ಲಿ ಕತ್ತರಿಸಿದಂತೆ ಕಾಣುವುದು ಇದಕ್ಕೇ.

ಹಳೆಯ ಡೇಟಾಬೇಸ್‌ನಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಿದ್ದು, ನುಡಿ ಫಾಂಟ್ ಹಾಕಿದೊಡನೆ ಅದು ಕನ್ನಡವಾಗಿ ಕಂಡರೆ ಅದು ಯೂನಿಕೋಡ್ ಅಲ್ಲ, ಫಾಂಟ್‌ನ ಚಿತ್ರಗಳ ಸಾಲು. ಒಂದಕ್ಕೊಂದು ಅಕ್ಷರ ಬದಲಿಸುವ ಪಟ್ಟಿ ಸಾಲದು: ಅಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಕ್ರಮವನ್ನೂ ತಿರುಗಿಸಬೇಕು. ಪರಿವರ್ತಿಸಿದ್ದನ್ನು ಹೊಸ ಅಂಕಣದಲ್ಲಿ ಹಾಕಿ, ಹಳೆಯದನ್ನು ಅಳಿಸಬೇಡಿ.

ಹುಡುಕಾಟದಲ್ಲಿ "ಹೆಸರು ಇದೆ, ಆದರೆ ಸಿಗುತ್ತಿಲ್ಲ" ಎಂಬ ದೂರು ಬೇರೆಯೇ ಜಾತಿ. "ರಾಜ್‌ಕುಮಾರ್" ಎಂದು ಜಕಾರ ಬಿಡಿಯಾಗಿ ಬರೆಯಲು ನಡುವೆ ಒಂದು ಕಣ್ಣಿಗೆ ಕಾಣದ ಸಂಕೇತ, ಯೂನಿಕೋಡ್ ಸಂಖ್ಯೆ 200ಸಿ, ಬೇಕು. ಒಬ್ಬರು ಅದನ್ನು ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಹಾಕದೆ. ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಹುಡುಕಲೆಂದೇ ಬೇರೆ ಅಂಕಣ ಮಾಡಿ, ಅದರಲ್ಲಿ 200ಸಿ ಮತ್ತು ಅಂಥದ್ದೇ ಕಾಣದ ಸಂಕೇತವಾದ 200ಡಿ ತೆಗೆದು, ಎನ್‌ಎಫ್‌ಸಿಗೆ (ಜೋಡಿಸಿ ಬರೆದದ್ದನ್ನು ಒಂದೇ ಸಂಕೇತಕ್ಕೆ ತರುವ ಯೂನಿಕೋಡ್ ರೂಪ) ನಾರ್ಮಲೈಸ್ ಮಾಡಿ ಇಡಿ. ಹುಡುಕುವ ಪದಕ್ಕೂ ಅದೇ ಸಂಸ್ಕಾರ.

ಇಂಗ್ಲಿಷ್ ಮಾತ್ರ ಯೋಚಿಸಿ ಬರೆದ ಪರಿಶೀಲನೆಗಳೂ ಕನ್ನಡವನ್ನು ಒದ್ದೋಡಿಸುತ್ತವೆ. ಚಾರ್ ಡಾಟ್ ಈಸ್‌ಲೆಟರ್‌ಗೆ ಗುಣಿತದ ಚಿಹ್ನೆಗಳು, ಹಲಂತ ಯಾವುದೂ ಅಕ್ಷರವಲ್ಲ, ಹಾಗಾಗಿ "ಅಕ್ಷರ ಮಾತ್ರ ಬರೆಯಿರಿ" ಎಂಬ ಪೆಟ್ಟಿಗೆಯಲ್ಲಿ "ರಮ" ಬರೆಯಬಹುದು, "ರಾಮ" ಬರೆಯಲಾಗದು. ಈಸ್‌ಡಿಜಿಟ್ "೫" ಅನ್ನು ಅಂಕಿ ಎಂದು ಒಪ್ಪುತ್ತದೆ, ಆದರೆ ಅದೇ ಅಂಕಿಯನ್ನು ಇಂಟ್ ಡಾಟ್ ಪಾರ್ಸ್‌ಗೆ ಕೊಟ್ಟರೆ ಫಾರ್ಮ್ಯಾಟ್ ಎಕ್ಸೆಪ್ಶನ್. ಉದ್ದ ಕತ್ತರಿಸಲು ಸಬ್‌ಸ್ಟ್ರಿಂಗ್ ಬಳಸಿದರೆ "ಕ್ಷ"ದ ಮೂರು ಸಂಕೇತಗಳ ನಡುವೆ ಕತ್ತರಿ ಬಿದ್ದು ಕೊನೆಯಲ್ಲಿ "ಕ್" ನೇತಾಡುತ್ತದೆ. ಪದದ ಗಡಿಯಲ್ಲಿ ಕತ್ತರಿಸಿ, ಅಗಲವನ್ನು ಮೆಷರ್‌ಟೆಕ್ಸ್ಟ್‌ನಿಂದ ಅಳೆಯಿರಿ.

ಬಿಲ್ ಪ್ರಿಂಟರ್

ಥರ್ಮಲ್ ಪ್ರಿಂಟರ್‌ಗೆ ಇಎಸ್‌ಸಿ ಪಿಓಎಸ್ (ಬಿಲ್ ಪ್ರಿಂಟರ್‌ಗಳ ಆದೇಶ ಭಾಷೆ) ಆದೇಶಗಳಲ್ಲಿ ನೇರ ಪಠ್ಯ ಕಳಿಸಿದರೆ ಇಂಗ್ಲಿಷ್ ಸರಿಯಾಗಿ ಬರುತ್ತದೆ, ಕನ್ನಡ ಕಸವಾಗುತ್ತದೆ. ಸಾಮಾನ್ಯ ಪ್ರಿಂಟರ್‌ನೊಳಗಿನ ಅಕ್ಷರಗಳ ಪಟ್ಟಿಯಲ್ಲಿ ಕನ್ನಡ ಇರುವುದಿಲ್ಲ, ಇದ್ದರೂ ಒತ್ತಕ್ಷರ ಕೂಡಿಸುವ ಬುದ್ಧಿ ಅದಕ್ಕಿಲ್ಲ. ಕನ್ನಡದ ಸಾಲುಗಳನ್ನು ನಾವೇ ಬಿಟ್‌ಮ್ಯಾಪ್‌ನಲ್ಲಿ ಬಿಡಿಸಿ ಚಿತ್ರವಾಗಿ ಕಳಿಸಬೇಕು. ಸಾಮಾನ್ಯವಾಗಿ ಇವು 203 ಡಿಪಿಐ, ಅಂದರೆ ಮಿಲಿಮೀಟರ್‌ಗೆ 8 ಚುಕ್ಕೆ. 80 ಮಿ.ಮೀ. ಕಾಗದದಲ್ಲಿ ಅಚ್ಚಾಗುವ ಅಗಲ 72 ಮಿ.ಮೀ., ಅಂದರೆ 576 ಚುಕ್ಕೆ, ಸಾಲಿಗೆ 72 ಬೈಟ್. 58 ಮಿ.ಮೀ. ಕಾಗದದಲ್ಲಿ 384 ಚುಕ್ಕೆ, 48 ಬೈಟ್. ಬಿಟ್‌ಮ್ಯಾಪ್‌ನ ಅಗಲ ಇದಕ್ಕಿಂತ ಹೆಚ್ಚಾದರೆ ಬಲಬದಿಯ ಮೊತ್ತದ ಅಂಕಣ ಕತ್ತರಿಸಿ ಹೋಗುತ್ತದೆ. ಬೈಟ್ ಲೆಕ್ಕ ಒಂದು ತಪ್ಪಿದರೂ ಇಡೀ ಬಿಲ್ ಓರೆಯಾಗಿ ಹರಿಯುತ್ತದೆ.

ಅಕ್ಷರದ ಅಂಚು ಮಸುಕಾಗಿ ಒತ್ತು ತುಂಬಿಕೊಂಡರೆ ಆ್ಯಂಟಿ ಏಲಿಯಾಸಿಂಗ್ ನಿಲ್ಲಿಸಿ, ಟೆಕ್ಸ್ಟ್ ರೆಂಡರಿಂಗ್ ಹಿಂಟ್ ಅನ್ನು ಸಿಂಗಲ್ ಬಿಟ್ ಪರ್ ಪಿಕ್ಸೆಲ್ ಗ್ರಿಡ್ ಫಿಟ್ ಮಾಡಿ. ಬೂದು ಬಣ್ಣ ಥರ್ಮಲ್ ಕಾಗದಕ್ಕೆ ತಿಳಿಯದು. ಉದ್ದದ ಬಿಲ್ ಅರ್ಧಕ್ಕೆ ನಿಂತರೆ ಪ್ರಿಂಟರ್‌ನ ಬಫರ್ ತುಂಬಿದೆ. ಇಡೀ ಚಿತ್ರವನ್ನು ಒಂದೇ ಸಲ ಕಳಿಸದೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕಳಿಸಿ. ಕತ್ತರಿಸುವ ಜಾಗ ಎರಡು ಸಾಲುಗಳ ನಡುವಿನ ಬಿಳಿಯಲ್ಲಿರಲಿ, ಇಲ್ಲದಿದ್ದರೆ ಒತ್ತಕ್ಷರದ ಮಧ್ಯೆ ತೆಳು ಬಿಳಿ ಗೆರೆ ಮೂಡಬಹುದು.

ನಿನ್ನೆಯವರೆಗೆ ಥರ್ಮಲ್‌ನಲ್ಲಿ ಬರುತ್ತಿದ್ದ ಬಿಲ್ ಇವತ್ತು ಪಕ್ಕದ ಲೇಸರ್ ಪ್ರಿಂಟರ್‌ನಲ್ಲಿ ಎ4 ಹಾಳೆಯ ಮೂಲೆಯಲ್ಲಿ ಬಂದರೆ ಕೋಡ್ ಮುಟ್ಟಬೇಡಿ. ವಿಂಡೋಸ್ 10ರಿಂದ "ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್" ಎಂಬ ಆಯ್ಕೆ ಇದೆ. ಅದು ಚಾಲೂ ಇದ್ದರೆ ಕೊನೆಗೆ ಬಳಸಿದ ಪ್ರಿಂಟರ್ರೇ ಡೀಫಾಲ್ಟ್. ಯಾರೋ ಒಬ್ಬರು ಒಂದು ಆಧಾರ್ ಪ್ರತಿ ಪ್ರಿಂಟ್ ಹಾಕಿಕೊಂಡಿರುತ್ತಾರೆ, ಅಷ್ಟೇ. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಸಿ. ಮುಂದಿನ ಆವೃತ್ತಿಯಲ್ಲಿ ಪ್ರಿಂಟರ್ ಹೆಸರನ್ನು ತಂತ್ರಾಂಶದ ಸೆಟ್ಟಿಂಗ್‌ನಲ್ಲೇ ಉಳಿಸಿ, ಆ ಹೆಸರಿನ ಪ್ರಿಂಟರ್ ಸಿಗದಿದ್ದರೆ ಡೀಫಾಲ್ಟ್‌ಗೆ ಹೋಗದೆ ಬಳಕೆದಾರರನ್ನು ಕೇಳುವಂತೆ ಬರೆಯಿರಿ.